28 ದಿನ ಸಾಕು ಅಂದ, ನಂಬಿದೆ

ಇಂಗ್ಲೆಂಡಿಗೆ ಸ್ಪೌಸ್ ವೀಸಾ (ಅಲ್ಲಿರುವ ಗಂಡ ಅಥವಾ ಹೆಂಡತಿಯ ಹತ್ತಿರ ಹೋಗಿ ಇರಲು ಬೇಕಾದ ವೀಸಾ) ಹಾಕುವವರು, ಮುಖ್ಯವಾಗಿ ನಮ್ಮ ಶಿರಸಿ, ಕುಮಟಾ, ಕಾರವಾರ ಕಡೆಯವರು, ಏಜೆಂಟ್ ಹತ್ತಿರ ಹೋಗುವ ಮೊದಲು ಇದನ್ನು ಓದಿ. ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ, ಹಿಂದೆ ಮುಂದೆ ಆದರೆ ಸಹಿಸಿಕೊಳ್ಳಿ.

ಮೊದಲು ಮುಖ್ಯ ವಿಷಯ. ಉಳಿತಾಯ ತೋರಿಸುವುದಾದರೆ ಆ ದುಡ್ಡು ಗಂಡ ಅಥವಾ ಹೆಂಡತಿ ಹೆಸರಿನಲ್ಲಿ, ಇಲ್ಲವೇ ಇಬ್ಬರ ಹೆಸರಿನಲ್ಲಿ ಆರು ತಿಂಗಳು ಇರಬೇಕು. ನಮ್ಮ ಏಜೆಂಟ್ ಹೇಳಿದ ಹಾಗೆ 28 ದಿನ ಅಲ್ಲ. ಆರು ತಿಂಗಳು. 28 ದಿನ ಅನ್ನುವುದು ಸ್ಟೂಡೆಂಟ್ ವೀಸಾದ ನಿಯಮ. ಈ ಒಂದು ಮಾತು ನನಗೆ ಮೊದಲೇ ಯಾರಾದರೂ ಹೇಳಿದ್ದರೆ ಅಂತ ಬರೆಯೋಣ ಅಂದುಕೊಂಡೆ. ಆದರೆ ಹೇಳಿದವರು ಇದ್ದರು. ನಾನೇ ಕೇಳಲಿಲ್ಲ. ನಾಚಿಕೆ ಆಗುವುದು ಅದಕ್ಕೇ.

ನಮ್ಮನೆಯವರು ಕುಮಟಾದವರು. ಲೆಸ್ಟರ್‌ನಲ್ಲಿ ಒಂದು ಗೋದಾಮಿನಲ್ಲಿ ಸೂಪರ್‌ವೈಸರ್, ಅಲ್ಲಿ ಕಾಯಂ ಇರಲು ಪರವಾನಗಿ ಸಿಕ್ಕಿದೆ. ವರ್ಷಕ್ಕೆ 24,400 ಪೌಂಡ್ ಸಂಬಳ. ಹೆಂಡತಿಯನ್ನು ಕರೆಸಿಕೊಳ್ಳಲು ಮೊದಲೆಲ್ಲ 18,600 ಪೌಂಡ್ ಆದಾಯ ಇದ್ದರೆ ಸಾಕಿತ್ತು. 2024ರ ಏಪ್ರಿಲ್ 11ಕ್ಕೆ ಅದು ಒಮ್ಮೆಲೇ 29,000 ಆಯಿತು. ನಮ್ಮ ಮದುವೆ ಆದದ್ದು ಅದಾಗಿ ಹದಿನೈದು ದಿನಕ್ಕೆ. ಮಾರಿಕಾಂಬಾ ಜಾತ್ರೆ ಮುಗಿಯಲಿ, ಆಮೇಲೆ ನೋಡೋಣ ಅಂದಿದ್ದರು ಹಿರಿಯರು. ಜನವರಿಯಲ್ಲೇ ಮದುವೆ ಮುಗಿಸಿ ಅರ್ಜಿ ಹಾಕಿದ್ದರೆ ಈ ರಗಳೆಯೇ ಇರುತ್ತಿರಲಿಲ್ಲ. ಹೋಗಲಿ, ಅದು ಯಾರ ತಪ್ಪೂ ಅಲ್ಲ.

ಸಂಬಳ ಕಡಿಮೆ ಬಿದ್ದರೆ ಉಳಿತಾಯ ತೋರಿಸಬಹುದು. ಎಷ್ಟು ಕಡಿಮೆ ಇದೆಯೋ ಅದರ ಎರಡೂವರೆ ಪಟ್ಟು, ಅದಕ್ಕೆ 16,000 ಪೌಂಡ್ ಸೇರಿಸಬೇಕು. ನಮಗೆ ಕಡಿಮೆ ಇದ್ದದ್ದು 4,600. ಅದರ ಎರಡೂವರೆ ಪಟ್ಟು 11,500. 16,000 ಸೇರಿದರೆ 27,500 ಪೌಂಡ್. ಆಗಿನ ದರದಲ್ಲಿ ಹತ್ತಿರ ಹತ್ತಿರ 30 ಲಕ್ಷ.

ಏಜೆಂಟ್ ಸಿಕ್ಕಿದ್ದು ಪರಿಚಯದವರ ಮೂಲಕ. ಅವರ ಮಗನನ್ನು ಓದಲು ಕಳಿಸಿದ್ದು ಇವನೇ. ಎಸಿ ಆಫೀಸು, ಗೋಡೆ ತುಂಬ ಪಾಸ್‌ಪೋರ್ಟ್ ಹಿಡಿದ ಹುಡುಗರ ಫೋಟೋ. ಎಲ್ಲಾ ವಿದ್ಯಾರ್ಥಿಗಳು. ಒಂದೇ ಒಂದು ಗಂಡ ಹೆಂಡತಿ ಫೋಟೋ ಇರಲಿಲ್ಲ. ಇದು ನನಗೆ ಹೊಳೆದದ್ದು ಒಂದು ವರ್ಷ ಆದಮೇಲೆ.

ಅವನಿಗೆ ಆ ಎರಡೂವರೆ ಪಟ್ಟಿನ ಲೆಕ್ಕ ಬಾಯಿಪಾಠ ಇತ್ತು. ಕ್ಯಾಲ್ಕುಲೇಟರ್ ತೆಗೆದು ಟಕಟಕ ಅಂತ ಮಾಡಿ ತೋರಿಸಿದ. ನಾವು ಬಿದ್ದದ್ದೇ ಅಲ್ಲಿ. ಲೆಕ್ಕ ಗೊತ್ತಿದ್ದವನಿಗೆ ಉಳಿದದ್ದೂ ಗೊತ್ತಿರುತ್ತದೆ ಅಂದುಕೊಂಡೆವು. "ಮೇಡಂ, ನಿಮ್ಮ ಸಂಬಳಾನೂ ಸೇರಿಸೋಣ, ಆಗ 23 ಲಕ್ಷ ಸಾಕು" ಅಂದ. ನಾನು ಇಲ್ಲಿ ಒಂದು ಸೊಸೈಟಿಯಲ್ಲಿ ಗುಮಾಸ್ತೆ, ತಿಂಗಳಿಗೆ 22,000. ನಾವು ಇಲ್ಲಿಂದ ಅರ್ಜಿ ಹಾಕುವಾಗ ಇಲ್ಲಿನ ನೌಕರಿಯ ಸಂಬಳ ಅವರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಒಂದು ರೂಪಾಯಿಯನ್ನೂ ಇಲ್ಲ. ಆಮೇಲೆ ತೋಟದ ಪಹಣಿ ತರಿಸಿದ, ವ್ಯಾಲ್ಯುವೇಶನ್ ಮಾಡಿಸಿದ, ಸಿಎ ಹತ್ತಿರ ರಿಪೋರ್ಟ್ ಬರೆಸಿದ. ಅದಕ್ಕೇ 15,000 ತೆಗೆದುಕೊಂಡ. ತೋಟ ಇರುವುದು ಅಪ್ಪಯ್ಯನ ಹೆಸರಿನಲ್ಲಿ. ನನ್ನ ಹೆಸರಿನಲ್ಲಿ ಇದ್ದಿದ್ದರೂ ಜಾಗದ ಬೆಲೆಯನ್ನು ಉಳಿತಾಯ ಅಂತ ತೋರಿಸಲು ಬರುವುದಿಲ್ಲ. ಮಾರಿ ದುಡ್ಡು ಮಾಡಿದ್ದರೆ ಅದು ಬೇರೆ ಮಾತು. ದಪ್ಪ ಬೈಂಡಿಂಗ್ ಮಾಡಿದ ಆ ರಿಪೋರ್ಟ್ ಈಗ ನಮ್ಮನೆ ಅಟ್ಟದ ಮೇಲಿದೆ.

ನಮ್ಮನೆಯವರು ಆಗಲೇ ಫೋನಿನಲ್ಲಿ ಹೇಳಿದ್ದರು, "ಆರು ತಿಂಗಳು ಇರಬೇಕು ಅಂತ ಎಲ್ಲೋ ಓದಿದ ನೆನಪು, ಒಮ್ಮೆ ಕೇಳು." ಕೇಳಿದೆ. ಏಜೆಂಟ್ ನಕ್ಕುಬಿಟ್ಟ. "ಸರ್‌ಗೆ ಹಳೇ ರೂಲ್ ಹೇಳಿದಾರೆ ಯಾರೋ. 28 ದಿನ ಮೇಡಂ, 29ನೇ ದಿನ ತೆಗೆದುಬಿಡಿ" ಅಂದ. ನಾನು ಗಂಡನ ಜೊತೆ ಜಗಳ ಆಡಿದೆ. ನಿಮಗೇನು ಗೊತ್ತು, ಇವರು ದಿನಾ ಇದನ್ನೇ ಮಾಡುವವರು ಅಂದೆ. ಅವರು ಗೆಳೆಯರನ್ನು ಕೇಳಿದರೆ ಅವರಿಗೂ ಗೊತ್ತಿಲ್ಲ, ಯಾಕೆಂದರೆ ಅವರೆಲ್ಲ ಕೆಲಸದ ವೀಸಾ ಮೇಲೆ ಹೋದವರು. ಅವರ ಹೆಂಡತಿಯರು ಡಿಪೆಂಡೆಂಟ್ ಆಗಿ ಹೋದವರು, ಅದರ ನಿಯಮವೇ ಬೇರೆ. ಕೊನೆಗೆ ಪಾಪ, ಸುಮ್ಮನಾದರು.

23 ಲಕ್ಷ ಹೇಗೆ ಕೂಡಿಸಿದೆವು ಕೇಳಿ. ದರ ಏರಲಿ ಅಂತ ಅಪ್ಪಯ್ಯ ಇಟ್ಟುಕೊಂಡಿದ್ದ ಚಾಲಿ ಅಡಿಕೆ ಅವಸರದಲ್ಲಿ ಮಾರಿ 9 ಲಕ್ಷ. ಆಯಿಯ ಮತ್ತು ನನ್ನ ಚಿನ್ನ ಅಡ ಇಟ್ಟು 6 ಲಕ್ಷ. ಸೊಸೈಟಿ ಸಾಲ 5 ಲಕ್ಷ. ನನ್ನದು 3 ಲಕ್ಷ. ಎಲ್ಲ 2024ರ ಡಿಸೆಂಬರ್ ಮೊದಲ ವಾರ ನನ್ನ ಖಾತೆಗೆ ಬಿತ್ತು. ಸಾಲದ ದುಡ್ಡು ಉಳಿತಾಯ ಅಂತ ನಡೆಯುವುದಿಲ್ಲ, ಅದೂ ನಿಯಮದಲ್ಲಿ ಇದೆ. ಅದನ್ನೂ ಕೇಳಿದ್ದೆ. "ಸ್ಟೇಟ್‌ಮೆಂಟಲ್ಲಿ ಸಾಲ ಅಂತ ಬರೆದಿರತ್ತಾ?" ಅಂತ ನನಗೇ ತಿರುಗಿ ಕೇಳಿದ. ಬರೆದಿತ್ತು!

ಜನವರಿಯಲ್ಲಿ ಅರ್ಜಿ. ಶುಲ್ಕ 1,846 ಪೌಂಡ್, ಅದರ ಮೇಲೆ ಆರೋಗ್ಯದ ಸರ್ಚಾರ್ಜ್, ಅಂದರೆ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಗೆ ಮೊದಲೇ ಕಟ್ಟುವ ದುಡ್ಡು, 3,105 ಪೌಂಡ್. ಎರಡೂ ಸೇರಿ 5 ಲಕ್ಷದ ಮೇಲೆ. "ನಿಮ್ಮ ಕಾರ್ಡಲ್ಲಿ ಹೊರದೇಶದ ಪೇಮೆಂಟ್ ಹೋಗಲ್ಲ, ನಂಗೆ ಟ್ರಾನ್ಸ್‌ಫರ್ ಮಾಡಿ, ನನ್ನ ಕಾರ್ಡಿಂದ ಕಟ್ತೀನಿ" ಅಂದ. ಮಾಡಿದೆವು. ಇದು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ. ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಹೋಗಿ ಬೆರಳಚ್ಚು ಕೊಟ್ಟು ಬಂದೆ. ಮರುವಾರವೇ ಚಿನ್ನ ಬಿಡಿಸಿಕೊಂಡು ಬಂದೆವು. 29ನೇ ದಿನ ತೆಗೆಯಬಹುದು ಅಂದಿದ್ದನಲ್ಲ.

ಏಪ್ರಿಲ್‌ನಲ್ಲಿ ಮೇಲ್ ಬಂತು. ಸಂಜೆ ಹೊತ್ತು, ಜಗುಲಿಯಲ್ಲಿ ಕೂತಿದ್ದೆ. ಅಪ್ಪಯ್ಯ ಎದುರಿಗೆ ಕವಳ ಹಾಕುತ್ತಿದ್ದ. ನಿರಾಕರಣೆ ಅಂತ ಗೊತ್ತಾದಾಗ ಅಷ್ಟು ಬೇಜಾರಾಗಲಿಲ್ಲ, ನಿಜ ಹೇಳುತ್ತೇನೆ. ಕೆಳಗೆ ಕಾರಣ ಓದಿದಾಗ ಕೈ ತಣ್ಣಗಾಯಿತು. ಉಳಿತಾಯ ಆರು ತಿಂಗಳು ಇರಲಿಲ್ಲ. ಅದರಲ್ಲಿ ಸಾಲದ ಹಣ ಇದೆ. ಅರ್ಜಿದಾರಳ ಭಾರತದ ಸಂಬಳ ಪರಿಗಣಿಸುವಂತಿಲ್ಲ. ಆರು ತಿಂಗಳು! ನಮ್ಮನೆಯವರು ಹೇಳಿದ್ದ ಅದೇ ಆರು ತಿಂಗಳು. ಆ ಆಫೀಸರ್ ನಮ್ಮ ಮೇಲೆ ಸಿಟ್ಟಿನಿಂದ ಏನೂ ಬರೆದಿರಲಿಲ್ಲ. ಎಲ್ಲ ನಿಯಮದಲ್ಲಿ ಇದ್ದದ್ದೇ. ಸರ್ಕಾರದ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ಓದಬಹುದಾಗಿತ್ತು. ನಾನೂ ಓದಬಹುದಾಗಿತ್ತು. ಪದವಿ ಮಾಡಿದವಳು, ದಿನಾ ಬೇರೆಯವರ ಸಾಲದ ಕಾಗದ ನೋಡುವವಳು.

"ಅಂವ ನಮ್ಗೆ ಟೊಪ್ಪಿ ಹಾಕಿದ್ನನೆ ತಂಗಿ?" ಅಂತ ಅಪ್ಪಯ್ಯ ಮೆಲ್ಲಗೆ ಕೇಳಿದ. ಉತ್ತರ ಕೊಡಲು ಆಗಲಿಲ್ಲ.

ಏಜೆಂಟನ ಉತ್ತರಗಳನ್ನು ಹಾಗೆಯೇ ಬರೆಯುತ್ತೇನೆ. ಮೊದಲ ದಿನ: "ಈ ಸಲ ಆಫೀಸರ್ ಸ್ವಲ್ಪ ಸ್ಟ್ರಿಕ್ಟ್ ಇದ್ದಂಗಿದೆ ಮೇಡಂ." ಎರಡನೇ ದಿನ: "28 ದಿನ ಅಂತ ನಾನು ಹೇಳೇ ಇಲ್ಲ." ಅವನದೇ ವಾಯ್ಸ್ ಮೆಸೇಜ್ ಅವನಿಗೇ ಕಳಿಸಿದೆ. ಎರಡು ನೀಲಿ ಗೆರೆ ಬಂತು, ಉತ್ತರ ಇಲ್ಲ. ನಾಲ್ಕನೇ ದಿನ: "ಅದು ಜನರಲ್ ಆಗಿ ಹೇಳಿದ್ದು. ನಮ್ಮದು ಫೈಲ್ ಪ್ರೊಸೆಸ್ ಮಾತ್ರ, ಗ್ಯಾರಂಟಿ ಕೊಟ್ಟಿಲ್ಲ." ಅಪ್ಪಯ್ಯ ಫೋನ್ ಮಾಡಿದರೆ, "ಹೆಗಡೇರೆ, ತಲೆಬಿಸಿ ಮಾಡ್ಕೋಬೇಡಿ, ಇನ್ನೊಮ್ಮೆ ಹಾಕೋಣ, ಅರ್ಧ ಫೀಸ್ ಕೊಡಿ." ನಮ್ಮ ಹತ್ತಿರ ಅವನು ಮೊದಲೇ 1 ಲಕ್ಷ 20 ಸಾವಿರ ತೆಗೆದುಕೊಂಡಾಗಿತ್ತು.

ಅರ್ಧ ಫೀಸಿಗೆ ಅವನು ಮಾಡಿಕೊಡುವ ಕೆಲಸ ಏನು ಗೊತ್ತಾ? ಸೋದರಮಾವ ನಮಗೆ ದುಡ್ಡು ದಾನ ಕೊಟ್ಟ ಹಾಗೆ ಹಳೇ ದಿನಾಂಕದ ಸ್ಟಾಂಪ್ ಪೇಪರಿನಲ್ಲಿ ಬರೆಸುವುದು. ನಿಜವಾಗಿ ಯಾರಾದರೂ ಉಡುಗೊರೆ ಕೊಟ್ಟು, ಅದು ಆರು ತಿಂಗಳು ನಮ್ಮ ಖಾತೆಯಲ್ಲಿ ಇದ್ದರೆ ತೊಂದರೆ ಇಲ್ಲ. ಆದರೆ ಸುಳ್ಳು ಕಾಗದ ಕೊಟ್ಟು ಸಿಕ್ಕಿಬಿದ್ದರೆ 10 ವರ್ಷದವರೆಗೆ ಬಾಗಿಲು ಬಂದ್ ಆಗಬಹುದು. ಹತ್ತು ವರ್ಷ! ಸಹಿ ಹಾಕುವುದು ನಾವು, ಅವನಲ್ಲ. ಫಾರ್ಮಿನಲ್ಲಿ ಅವನ ಹೆಸರೇ ಇಲ್ಲ, ಆಮೇಲೆ ನೋಡಿದೆ.

ಈಗ ಆ ಕಾರ್ಡಿನ ವಿಷಯ. ವೀಸಾ ಸಿಗದಿದ್ದರೆ ಅರ್ಜಿ ಶುಲ್ಕ ಹೋಯಿತು. ಆದರೆ ಆರೋಗ್ಯದ ಸರ್ಚಾರ್ಜ್ ಪೂರ್ತಿ ವಾಪಸ್ ಬರುತ್ತದೆ. ಎಲ್ಲಿಗೆ? ಕಟ್ಟಿದ ಕಾರ್ಡಿಗೆ. ಅಂದರೆ ಅವನ ಕಾರ್ಡಿಗೆ! ಹತ್ತಿರ ಹತ್ತಿರ 3 ಲಕ್ಷ 30 ಸಾವಿರ. ಎರಡು ತಿಂಗಳು "ಇನ್ನೂ ಬಂದಿಲ್ಲ" ಅಂದ. ಕಾರ್ಡಿನ ಸ್ಟೇಟ್‌ಮೆಂಟ್ ತೋರಿಸಿ ಅಂದೆ. "ಅದು ನನ್ನ ಪರ್ಸನಲ್" ಅಂದ. ನನ್ನ ದುಡ್ಡು ಅವನ ಪರ್ಸನಲ್. ಅಪ್ಪಯ್ಯ ಊರಿನ ನಾಲ್ಕು ಜನರನ್ನು ಕರೆದುಕೊಂಡು ಹೋಗಿ ಆಫೀಸಿನಲ್ಲಿ ಕೂತ ಮೇಲೆ ಮೂರು ಕಂತಿನಲ್ಲಿ 1 ಲಕ್ಷ 90 ಸಾವಿರ ಬಂತು. ಉಳಿದದ್ದು ಸರ್ವಿಸ್ ಚಾರ್ಜಿಗೆ ಹೊಂದಾಣಿಕೆ ಅಂತೆ.

ಮೇಲ್ಮನವಿಗೆ ಅವಕಾಶ ಇತ್ತು, ಹಾಕಲಿಲ್ಲ. ಅವರ ತೀರ್ಮಾನ ಸರಿಯೇ ಇದ್ದಾಗ ಏನಂತ ವಾದ ಮಾಡುವುದು? ಅಂದಹಾಗೆ ಅದಕ್ಕೆ ಕೊಡುವ ಗಡುವು 28 ದಿನ. ಓದಿ ನಗು ಬಂತು.

ನೀವು ಹೋಗುವವರಾದರೆ, ದುಡ್ಡು ಇಂದೇ ನಿಮ್ಮ ಹೆಸರಿಗೆ ಹಾಕಿ ಆರು ತಿಂಗಳು ಮುಟ್ಟಬೇಡಿ. ಒಂದೇ ಒಂದು ದಿನ ಬೇಕಾದ ಮೊತ್ತಕ್ಕಿಂತ ಕೆಳಗೆ ಇಳಿಯಬಾರದು. ಶುಲ್ಕವನ್ನು ನಿಮ್ಮದೇ ಕಾರ್ಡಿನಿಂದ, ಇಲ್ಲದಿದ್ದರೆ ಗಂಡನ ಕಾರ್ಡಿನಿಂದ ಕಟ್ಟಿ. ಮಕ್ಕಳನ್ನು ಓದಲು ಕಳಿಸುವ ಏಜೆಂಟ್ ಹತ್ತಿರ ಸ್ಪೌಸ್ ವೀಸಾಕ್ಕೆ ಹೋಗಲೇಬೇಡಿ. ಮತ್ತೆ, ಗಂಡ ಏನಾದರೂ ಓದಿದ ನೆನಪು ಅಂದರೆ ಜಗಳ ಆಡುವ ಮೊದಲು ನೀವೂ ಒಮ್ಮೆ ಓದಿ.

ನಮ್ಮನೆಯವರು ಜೂನ್‌ನಿಂದ ವಾರಾಂತ್ಯಕ್ಕೆ ಇನ್ನೊಂದು ಕೆಲಸ ಹಿಡಿದರು. ಎರಡೂ ಸೇರಿ ವರ್ಷಕ್ಕೆ 29,000 ದಾಟುತ್ತದೆ, ಎರಡೂ ಕಡೆಯ ಆರು ತಿಂಗಳ ಪೇಸ್ಲಿಪ್ ಇದ್ದರೆ ಉಳಿತಾಯವೇ ಬೇಡ. ಇದನ್ನು ಮೊದಲೇ ಮಾಡಿದ್ದರೆ ಅಡಿಕೆಯೂ ಉಳಿಯುತ್ತಿತ್ತು, ಚಿನ್ನವೂ ಮನೆ ಬಿಡುತ್ತಿರಲಿಲ್ಲ. ಅರ್ಜಿ ಶುಲ್ಕ ಅಷ್ಟರಲ್ಲಿ, 2025ರ ಏಪ್ರಿಲ್‌ಗೆ, 1,938 ಪೌಂಡ್ ಆಗಿತ್ತು.

ಏಜೆಂಟ್ ಹತ್ತಿರ ಇನ್ನೂ 1 ಲಕ್ಷ 40 ಸಾವಿರ ಬಾಕಿ. ಹೋದ ವಾರ ಬಸ್‌ಸ್ಟ್ಯಾಂಡ್ ಹತ್ತಿರ ಅವನ ಹೊಸ ಬ್ಯಾನರ್ ನೋಡಿದೆ. ಕೆಳಗಿನ ಸಾಲಿನಲ್ಲಿ, ಈ ಸಲ ಹೊಸದಾಗಿ, "ಸ್ಪೌಸ್ ವೀಸಾ ಪರಿಣಿತರು" ಅಂತ ಸೇರಿಸಿದ್ದಾನೆ.