ಆಸ್ಕರ್ ಮೀನು ತರುವ ಮುಂಚೆ ಟ್ಯಾಂಕಿನ ಲೆಕ್ಕ ಹಾಕಿ

ಮೊನ್ನೆ ನಮ್ಮೂರಿನ ಹುಡುಗನೊಬ್ಬ ತೀರ್ಥಹಳ್ಳಿಯಲ್ಲಿ ಶಿವಮೊಗ್ಗ ಬಸ್ಸಿಳಿದ. ಒಂದು ಕೈಯಲ್ಲಿ ಪ್ಲಾಸ್ಟಿಕ್ ಕವರು, ಅದರೊಳಗೆ ಆಸ್ಕರ್ ಮರಿ. ಇನ್ನೊಂದು ಕೈಯಲ್ಲಿ ಎರಡು ಅಡಿ ಉದ್ದದ ಟ್ಯಾಂಕು. ನನಗೆ ಎದೆ ಧಸಕ್ಕೆಂದಿತು. ಎರಡು ವರ್ಷದ ಹಿಂದೆ ನಾನೂ ಥೇಟ್ ಹಾಗೇ ಬಂದಿಳಿದಿದ್ದೆ. ಅವನಿಗೆ ಅಲ್ಲೇ ನಿಂತು ಹೇಳಿದ್ದನ್ನೇ ಇಲ್ಲೂ ಬರೆಯುತ್ತಿದ್ದೇನೆ.

ಅಂಗಡಿಯವನನ್ನು ನಾನು ಕೇಳಿದ್ದು ಒಂದೇ ಪ್ರಶ್ನೆ, ಇದು ಎಷ್ಟು ದೊಡ್ಡದಾಗುತ್ತೆ ಅಂತ. "ಟ್ಯಾಂಕ್ ಎಷ್ಟಿದೆಯೋ ಅಷ್ಟೇ ಬೆಳೆಯುತ್ತೆ ಸರ್, ತಲೆ ಕೆಡಿಸ್ಕೋಬೇಡಿ" ಅಂದ. ನಂಬಿದೆ. ಜೊತೆಗೆ ಇರಲಿ ಅಂತ ಆರು ಪುಟ್ಟ ಗಪ್ಪಿ ಮೀನುಗಳನ್ನೂ ಕೊಟ್ಟ. ಮಾರನೇ ದಿನ ಬೆಳಿಗ್ಗೆ ಮಗಳು ಎಣಿಸಿದಾಗ ನಾಲ್ಕಿದ್ದವು, ಸಂಜೆಗೆ ಒಂದೂ ಇರಲಿಲ್ಲ. ಬಾಯಲ್ಲಿ ಹಿಡಿಸುವುದೆಲ್ಲ ಆಸ್ಕರ್‌ಗೆ ಊಟವೇ.

ಇದು ದಕ್ಷಿಣ ಅಮೆರಿಕದ ಅಮೆಜಾನ್ ಕಡೆಯ ಮೀನು. ಚೆನ್ನಾಗಿ ಸಾಕಿದರೆ ಒಂದು ಅಡಿ ಬೆಳೆಯುತ್ತದೆ, ಹತ್ತು ವರ್ಷ ದಾಟಿ ಬದುಕುತ್ತದೆ. ಮರಿಯಿದ್ದಾಗ ತಿಂಗಳಿಗೆ ಹತ್ತಿರ ಹತ್ತಿರ ಒಂದು ಇಂಚು ಉದ್ದವಾಗುತ್ತದೆ. ಅಕ್ಟೋಬರ್‌ನಲ್ಲಿ ತಂದ ಎರಡಿಂಚಿನ ಮರಿ ನಮ್ಮ ಇಕ್ಕಟ್ಟಿನ ಟ್ಯಾಂಕಿನಲ್ಲೂ ಜೂನ್ ಹೊತ್ತಿಗೆ ಏಳಿಂಚು ಆಗಿತ್ತು. ಮಗಳು ಗುಂಡ ಅಂತ ಹೆಸರಿಟ್ಟಿದ್ದಳು. ಜಗಲಿಗೆ ಯಾರು ಬಂದರೂ ಗಾಜಿನ ಹತ್ತಿರ ಓಡಿ ಬಂದು ಬಾಲ ಅಲ್ಲಾಡಿಸುತ್ತಿದ್ದ, ನಾಯಿಮರಿ ಥರ. ಆದರೆ ಟ್ಯಾಂಕಿನ ಅಗಲವೇ ಒಂದು ಅಡಿ. ತಿರುಗಬೇಕಾದರೆ ಮೈಯನ್ನು ಬಿಲ್ಲಿನಂತೆ ಬಗ್ಗಿಸಬೇಕಿತ್ತು. ತಲೆಯ ಮೇಲೆ ಸೂಜಿ ಚುಚ್ಚಿದಂಥ ಸಣ್ಣ ಗುಳಿಗಳೂ ಎದ್ದಿದ್ದವು. ನಾನು ಅದನ್ನು ಜಾತಿಯ ಗುರುತು ಅಂದುಕೊಂಡಿದ್ದೆ! ನೀರು ಕೆಟ್ಟಾಗ, ದಿನಾ ಒಂದೇ ತಿಂಡಿ ಹಾಕಿದಾಗ ಆಸ್ಕರ್‌ಗೆ ಬರುವ ಕಾಯಿಲೆ ಅದು ಅಂತ ಆಮೇಲೆ ಗೊತ್ತಾಯಿತು.

ಈಗ ಲೆಕ್ಕ ನೋಡಿ. ಒಂದು ಘನ ಅಡಿಗೆ ಸುಮಾರು 28 ಲೀಟರ್ ನೀರು. ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ಟ್ಯಾಂಕಿಗೆ 56 ಲೀಟರ್, ಅಷ್ಟೇ. ಒಂದೇ ಒಂದು ದೊಡ್ಡ ಆಸ್ಕರ್‌ಗೆ ಬೇಕಾದ್ದು ಕಡಿಮೆ ಅಂದರೂ 280 ಲೀಟರ್. ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಎತ್ತರದ್ದಾದರೆ 450 ಲೀಟರ್ ಹಿಡಿಯುತ್ತದೆ, ನೆಮ್ಮದಿ. ಆದರೆ ಬರೀ ನೀರೇ 450 ಕೆ.ಜಿ. ತೂಗುತ್ತದೆ. ನಮ್ಮ ಕಡೆಯ ಹಳೇ ಮನೆಗಳ ಮರದ ಹಲಗೆಯ ಮಹಡಿ ಮೇಲೆ ದಯವಿಟ್ಟು ಇಡಬೇಡಿ.

ಗುಂಡ ಹೋಗಿದ್ದು ಜುಲೈನಲ್ಲಿ. ಗಾಳಿಮಳೆಗೆ ಲೈನಿನ ಮೇಲೆ ಮರ ಬಿತ್ತು, ಎರಡು ದಿನ ಕರೆಂಟಿಲ್ಲ. ನಮ್ಮ ಕಡೆ ಇದೇನು ಹೊಸದಾ? ಫಿಲ್ಟರ್ ನಿಂತಿತು. ರಾತ್ರಿ ಟಾರ್ಚ್ ಬಿಟ್ಟು ನೋಡಿದರೆ ಮೀನು ಮೇಲೆ ಬಂದು ಬಾಯಿ ತೆರೆದು ಗಾಳಿ ಗುಟುಕರಿಸುತ್ತಿತ್ತು. ಆ ಹೊತ್ತಿನಲ್ಲಿ ಒಂದು ಚೊಂಬು ಹಿಡಿದು ಟ್ಯಾಂಕಿನ ನೀರನ್ನೇ ಎತ್ತಿ ಎತ್ತರದಿಂದ ಸುರಿಯುತ್ತಾ ಕೂತಿದ್ದರೂ ಸಾಕಿತ್ತು. ಊಟ ಹಾಕಬಾರದಿತ್ತು, ಎರಡು ಮೂರು ದಿನದ ಉಪವಾಸ ಅದಕ್ಕೆ ಏನೂ ಅಲ್ಲ. ನಾನು ಪಾಪ ಅಂತ ಹಿಡಿ ತುಂಬ ಹಾಕಿದೆ.

ಕರೆಂಟು ಬಂದ ಮೇಲೆ ಮಾಡಿದ್ದು ಇನ್ನೂ ದೊಡ್ಡ ತಪ್ಪು. ವಾಸನೆ ಬರುತ್ತಿದೆ ಅಂತ ನೀರನ್ನೆಲ್ಲ ಚೆಲ್ಲಿದೆ. ಫಿಲ್ಟರಿನ ಸ್ಪಾಂಜನ್ನು ಬಚ್ಚಲಿಗೆ ಒಯ್ದು ಹಂಡೆಯ ಬಿಸಿನೀರಲ್ಲಿ ತಿಕ್ಕಿ ತೊಳೆದೆ. ಬಾವಿಯಿಂದ ಹೊಸ ನೀರು ತುಂಬಿಸಿದೆ. ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಮೂರನೇ ದಿನ ಬೆಳಿಗ್ಗೆ ಗುಂಡ ಮಗ್ಗುಲಾಗಿದ್ದ. ಮಗಳು ಆವತ್ತು ಶಾಲೆಗೆ ಹೋಗಲಿಲ್ಲ.

ಮೀನಿನ ಹೊಲಸಿನಿಂದ ನೀರಲ್ಲಿ ಅಮೋನಿಯಾ ಸೇರುತ್ತದೆ, ಅದು ವಿಷ. ಸ್ಪಾಂಜಿನಲ್ಲಿ ಮನೆ ಮಾಡಿಕೊಂಡ ಬ್ಯಾಕ್ಟೀರಿಯಾಗಳು ಅದನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ನೈಟ್ರೈಟೂ ವಿಷವೇ, ನೈಟ್ರೇಟ್ ಅಷ್ಟು ಅಪಾಯವಲ್ಲ. ಹೊಸ ಟ್ಯಾಂಕಿನಲ್ಲಿ ಈ ಬ್ಯಾಕ್ಟೀರಿಯಾ ಕೂರಲಿಕ್ಕೆ ನಾಲ್ಕರಿಂದ ಆರು ವಾರ ಬೇಕು. ನಾನು ಅವನ್ನೆಲ್ಲ ಹಂಡೆ ನೀರಲ್ಲಿ ಬೇಯಿಸಿಬಿಟ್ಟಿದ್ದೆ. ಸ್ಪಾಂಜನ್ನು ಟ್ಯಾಂಕಿನಿಂದಲೇ ತೆಗೆದ ಹಳೇ ನೀರಲ್ಲಿ ಹಗುರಾಗಿ ಹಿಂಡಬೇಕು. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿದರೆ ಸಾಕು, ಪೂರ್ತಿ ಬೇಡ. ಪೇಟೆಯ ನಲ್ಲಿ ನೀರಾದರೆ ಕ್ಲೋರಿನ್ ತೆಗೆಯುವ ಔಷಧಿ ಹಾಕಲೇಬೇಕು.

ಚಳಿಗಾಲಕ್ಕೆ ಹೀಟರ್ ಬೇಕು. ನೀರು 24ರಿಂದ 28 ಡಿಗ್ರಿ ಇರಬೇಕು, ಡಿಸೆಂಬರಿನ ಬೆಳಿಗ್ಗೆ ನಮ್ಮನೆಯಲ್ಲಿ 20 ಕೂಡ ಇರುತ್ತಿರಲಿಲ್ಲ. ಹೀಟರಿಗೆ ಪ್ಲಾಸ್ಟಿಕ್ ಕವಚವೂ ಇರಲಿ, ಇಲ್ಲದಿದ್ದರೆ ಮೀನು ಗುದ್ದಿ ಒಡೆಯುತ್ತದೆ. ಗಟ್ಟಿ ಮುಚ್ಚಳ ಹಾಕಿ, ಇದು ನೀರಿಂದ ಹೊರಗೆ ನೆಗೆಯುವ ಮೀನು. ಬ್ಯಾಟರಿಯಲ್ಲಿ ಓಡುವ ಏರ್ ಪಂಪ್ ಒಂದನ್ನು ಮಳೆಗಾಲಕ್ಕೆ ಮುಂಚೆಯೇ ತಂದಿಡಿ. ಗಿಡ ನೆಡುವ ಆಸೆ ಬಿಡಿ, ಒಂದೇ ರಾತ್ರಿಯಲ್ಲಿ ಕಿತ್ತು ಹಾಕುತ್ತದೆ.

ಗುಂಡ ಬದುಕಿದ್ದಾಗ ನೆಂಟರೊಬ್ಬರು, "ಸಾಕಕ್ಕೆ ಆಗದಿದ್ರೆ ಚಿಬ್ಬಲಗುಡ್ಡೆಗೆ ಒಯ್ದು ಬಿಡು ಮಾರಾಯಾ, ದೇವರ ಮೀನಿನ ಜೊತೆ ಇರುತ್ತೆ" ಅಂದಿದ್ದರು. ಚಿಬ್ಬಲಗುಡ್ಡೆ ಅಂದರೆ ತುಂಗಾ ನದಿಯಲ್ಲಿ ದೇವಸ್ಥಾನದ ಮೀನುಗಳಿರುವ ಜಾಗ. ಆ ಒಂದು ತಪ್ಪನ್ನು ಮಾತ್ರ ಮಾಡಲಿಲ್ಲ. ಹೊರದೇಶದ ಬೇಟೆ ಮೀನನ್ನು ತುಂಗೆಗೆ ಬಿಟ್ಟರೆ ಇಲ್ಲಿನ ಮೀನುಗಳ ಮರಿಗಳನ್ನೇ ತಿನ್ನುತ್ತದೆ. ಕೊಂಡ ಅಂಗಡಿಗೇ ವಾಪಸ್ ಕೊಡಿ, ದುಡ್ಡು ಬರದಿದ್ದರೂ ಪರವಾಗಿಲ್ಲ.

ಆ ಹುಡುಗ ಎಲ್ಲ ಕೇಳಿಕೊಂಡ. "ಸದ್ಯಕ್ಕೆ ಇದರಲ್ಲೇ ಇರಲಿ ಅಣ್ಣ, ಮುಂದಿನ ವರ್ಷ ಅಡಿಕೆ ದುಡ್ಡು ಬಂದ ಮೇಲೆ ದೊಡ್ಡದು ತಗೋತೀನಿ" ಅಂದ. ಮುಂದಿನ ವರ್ಷದ ಅಡಿಕೆ ದುಡ್ಡಿಗೆ ಮೀನು ಕಾಯಲ್ಲ ಕಣೋ ಅಂದೆ.