ಗೋಡೆಗೆ ಕಲ್ಲು ಹಚ್ಚಿಸುವ ಮುಂಚೆ ಇದನ್ನು ಓದಿ

ಬೆಳಗಾವಿಯಲ್ಲಿ ಮನೆ ಕಟ್ಟಿಸುತ್ತಿದ್ದೀರಾ? ಮುಂದಿನ ಗೋಡೆಗೆ ಕಲ್ಲು ಹಚ್ಚಿಸುವ ವಿಚಾರ ಇದೆಯಾ? ದಯವಿಟ್ಟು ಸ್ವಲ್ಪ ತಡೆಯಿರಿ. ಈ ಮಳೆಗಾಲದಲ್ಲಿ ನಮ್ಮ ಮನೆಯ ಮೊದಲ ಮಹಡಿಯ ಗೋಡೆಯಿಂದ ಗ್ರಾನೈಟ್ ಕಲ್ಲೊಂದು ಕಳಚಿ ಬಿತ್ತು. ಕೆಳಗೆ ಓಣಿಯ ಮಕ್ಕಳು ದಿನಾ ಸಂಜೆ ಸೈಕಲ್ ಹೊಡೆಯುವ ಜಾಗ. ಅವತ್ತು ಜೋರು ಮಳೆ ಇತ್ತು, ಯಾರೂ ಹೊರಗಿರಲಿಲ್ಲ, ಅಷ್ಟೇ.

20 ಎಂಎಂ ದಪ್ಪದ ಗ್ರಾನೈಟ್ ಚದರ ಅಡಿಗೆ ಹತ್ತಿರ ಹತ್ತಿರ 5 ಕೆಜಿ ತೂಗುತ್ತದೆ. ಬಿದ್ದದ್ದು ಎರಡಡಿ ಉದ್ದ, ಒಂದಡಿ ಅಗಲದ್ದು. ಲೆಕ್ಕ ನೀವೇ ಹಾಕಿ.

ಆ ಕಲ್ಲನ್ನು ತಿರುವಿ ನೋಡಿದರೆ ಹೊಟ್ಟೆ ಉರಿಯಿತು. ನಾಲ್ಕು ಮೂಲೆಗೆ ನಾಲ್ಕು ಸಿಮೆಂಟ್ ಮುದ್ದೆ, ನಡುವೆ ಒಂದು. ಉಳಿದದ್ದೆಲ್ಲ ಖಾಲಿ, ಕಲ್ಲು ಕೊಯ್ದ ಗೆರೆ ಕೂಡ ಹಾಗೇ ಕಾಣುತ್ತಿತ್ತು. ಮುದ್ದೆಗಳ ಮೇಲೆ, ಬಣ್ಣಕ್ಕೂ ಮುಂಚೆ ಗೋಡೆಗೆ ಬಳಿಯುವ ಬಿಳಿ ಪುಟ್ಟಿ ಅಂಟಿಕೊಂಡು ಬಂದಿತ್ತು. ಅಂದರೆ ಗೋಡೆಯ ಪುಟ್ಟಿ ಕೆರೆದಿಲ್ಲ, ಹಿಡಿತ ಸಿಗಲಿ ಅಂತ ಗಿಲಾವಿಗೆ ಕಚ್ಚು ಹೊಡೆದಿಲ್ಲ, ಸುಮ್ನೆ ಒತ್ತಿ ಹೋಗಿದ್ದಾರೆ. ಕೆಲಸದ ವೇಳೆ ನನ್ನ ಹೆಂಡತಿ ಕೇಳಿದ್ದಳು. "ಏನೂ ಆಗಂಗಿಲ್ರಿ ಅಕ್ಕಾರ, ಇಪ್ಪತ್ತು ವರ್ಷ ಅಳ್ಳಾಡಂಗಿಲ್ಲ" ಅಂದಿದ್ದ ಗುತ್ತಿಗೆದಾರ ಈಗ ಫೋನೇ ಎತ್ತುತ್ತಿಲ್ಲ.

ಗ್ರಾನೈಟ್ ನೀರು ಹೀರುವುದೇ ಕಡಿಮೆ, ಹಾಗಾಗಿ ಬರೀ ಸಿಮೆಂಟ್ ಅದಕ್ಕೆ ಸರಿಯಾಗಿ ಕಚ್ಚುವುದಿಲ್ಲ. ಮುದ್ದೆಗಳ ನಡುವಿನ ಸಂದಿಗೆ ಮಳೆನೀರು ಇಳಿಯುತ್ತದೆ. ನಮ್ಮೂರಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಸಮೇತ ಮಳೆ ಪಶ್ಚಿಮದ ಗೋಡೆಗೇ ಬಡಿಯುತ್ತದೆ, ಬೇಸಿಗೆಯಲ್ಲಿ ಅದೇ ಗೋಡೆ ಸಂಜೆವರೆಗೂ ಬಿಸಿಲಿಗೆ ಕಾದು ಬಿಸಿಯಾಗುತ್ತದೆ, ಹೀಗೆ ಕಲ್ಲು ಹಿಗ್ಗಿ ಕುಗ್ಗಿ ಹಿಡಿತ ಬಿಡುತ್ತಾ ಬರುತ್ತದೆ. ಅಂಗಡಿಯಲ್ಲಿ ಮಾತ್ರ ಇಳಕಲ್ ಗ್ರಾನೈಟಾ, ಬಾದಾಮಿ ಕಡೆಯ ಕೆಂಪು ಮರಳುಗಲ್ಲಾ ಅಂತ ಬಣ್ಣದ ಮಾತೇ ಜಾಸ್ತಿ. ಮರಳುಗಲ್ಲು ನೀರು ಕುಡಿಯುತ್ತದೆ, ನೀರು ಒಳಗಿಳಿಯದಂತೆ ತಡೆಯುವ ಸೀಲರ್ ಹಚ್ಚದಿದ್ದರೆ ಬಿಳಿ ಉಪ್ಪು ಮೂಡಬಹುದು, ಇದನ್ನೂ ಯಾರೂ ಹೇಳುವುದಿಲ್ಲ.

ಈಗಾಗಲೇ ಹಚ್ಚಿಸಿದ್ದರೆ ಕೈಗೆ ಸಿಗುವ ಕಲ್ಲುಗಳನ್ನು ನಾಣ್ಯದಿಂದ ಬಡಿದು ನೋಡಿ. ಟೊಳ್ಳು ಸದ್ದು ಬಂದರೆ ಹಿಂದೆ ಖಾಲಿ ಇದೆ ಅಂತಲೇ ಅರ್ಥ. ಮೇಲಿನ ಕಲ್ಲುಗಳನ್ನು ಗೌಂಡಿಯಿಂದ ಏಣಿ ಹತ್ತಿಸಿ ನೋಡಿಸಿ, ಅಲ್ಲಿತನಕ ಕೆಳಗೆ ಮಕ್ಕಳನ್ನು, ಗಾಡಿಯನ್ನು ಬಿಡಬೇಡಿ. ನಾವು ಮೇಲಿನ ಕಲ್ಲನ್ನೆಲ್ಲ ತೆಗೆಸಿಬಿಟ್ಟೆವು. ಅಲ್ಲಿ ಈಗ ಗಿಲಾವು, ಹೊರಗೋಡೆಯ ಬಣ್ಣ, ಅಷ್ಟೇ. ಚೆನ್ನಾಗಿಯೇ ಕಾಣುತ್ತದೆ.

ಕಲ್ಲೇ ಬೇಕು ಅನ್ನುವವರು ಹೊರಗೋಡೆಯ ಕಲ್ಲಿಗೆ ಅಂತಲೇ ಇರುವ ಅಂಟು ತರಿಸಿ, ಚೀಲದ ಮೇಲೆ ಐಎಸ್ 15477 (ಇಂಥ ಅಂಟಿನ ಭಾರತೀಯ ಮಾನಕದ ಸಂಖ್ಯೆ) ಅಂತ ಇದೆಯಾ ನೋಡಿ. ಎತ್ತರದ ಕಲ್ಲಿಗೆ ಅಂಟಿನ ಜೊತೆ ಕಲ್ಲನ್ನು ಗೋಡೆಗೆ ಹಿಡಿದಿಡುವ ಸ್ಟೇನ್‌ಲೆಸ್ ಸ್ಟೀಲ್ ಕ್ಲಾಂಪ್ ಬೇಕೇ ಬೇಕು. ಇದನ್ನು ಕರಾರು ಪತ್ರದಲ್ಲೇ ಬರೆಸಿ. ಕೆಲಸ ಶುರುವಾದ ದಿನ ಎದುರಿಗೇ ನಿಂತು, ಅಂಟು ಹಸಿ ಇರುವಾಗಲೇ ಒಂದು ಕಲ್ಲನ್ನು ಕೀಳಿಸಿ ಹಿಂಬದಿ ನೋಡಿ. ಅಂಚಿನಿಂದ ಅಂಚಿಗೆ ಅಂಟು ಹರಡಿರದಿದ್ದರೆ ಅಲ್ಲೇ ಕೆಲಸ ನಿಲ್ಲಿಸಿ.