ಪೇಲಿನ್ ಅಥವಾ ಬೈಡನ್: ಹೆತ್ತವರ ತಕ್ಕಡಿಯಲ್ಲಿ 2008

ಮನೆ ತುಂಬ ಮಕ್ಕಳಿರುವಾಗ ಉಪಾಧ್ಯಕ್ಷ ಹುದ್ದೆ ನಿಭಾಯಿಸಲು ಆಗುತ್ತದೆಯೇ? 2008ರ ಅಧ್ಯಕ್ಷೀಯ ಚುನಾವಣೆಯಲ್ಲಿ ರಿಪಬ್ಲಿಕನ್ ಪಕ್ಷದ ಉಪಾಧ್ಯಕ್ಷ ಅಭ್ಯರ್ಥಿಯಾಗಿದ್ದ ಸಾರಾ ಪೇಲಿನ್ ಬಗ್ಗೆ ಅಮೆರಿಕದ ಎಷ್ಟೋ ತಂದೆತಾಯಂದಿರು ಕೇಳಿದ್ದು ಇದನ್ನೇ. ಅವರಿಗೆ ಐದು ಮಕ್ಕಳು. ಕೊನೆಯವನು ಹುಟ್ಟಿದ್ದು ಅದೇ ವರ್ಷದ ಏಪ್ರಿಲ್‌ನಲ್ಲಿ. ಡೆಮಾಕ್ರಟಿಕ್ ಪಕ್ಷದ ಉಪಾಧ್ಯಕ್ಷ ಅಭ್ಯರ್ಥಿ ಜೋ ಬೈಡನ್ ವಿಷಯದಲ್ಲಿ ಈ ಮಾತು ಅಷ್ಟಾಗಿ ಏಳಲಿಲ್ಲ. ಆದರೆ ಅಪಘಾತದಲ್ಲಿ ಹೆಂಡತಿ, ಮಗಳನ್ನು ಕಳೆದುಕೊಂಡ ಅವರು 1973ರ ಜನವರಿಯಲ್ಲಿ ಸೆನೆಟರ್ (ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನ ಸದಸ್ಯ) ಆಗಿ ಪ್ರಮಾಣವಚನ ತೆಗೆದುಕೊಂಡದ್ದು ಮಗ ಮಲಗಿದ್ದ ಆಸ್ಪತ್ರೆಯಲ್ಲಿ. ಆಮೇಲೆ ವರ್ಷಗಟ್ಟಲೆ ಮನೆಯಿದ್ದ ವಿಲ್ಮಿಂಗ್ಟನ್‌ನಿಂದ ವಾಷಿಂಗ್ಟನ್‌ಗೆ ರೈಲಿನಲ್ಲೇ ಓಡಾಡಿದರು. ಹಾಗಾಗಿ ಮಕ್ಕಳ ಲೆಕ್ಕ ಹಾಕುವುದಾದರೆ ಇಬ್ಬರಿಗೂ ಹಾಕಿ, ಇಲ್ಲವೇ ಬಿಟ್ಟುಬಿಡಿ.

ತೂಗಬೇಕಾದ್ದು ಬೇರೆ ಇದೆ. ಸಂವಿಧಾನ ಉಪಾಧ್ಯಕ್ಷರಿಗೆ ಕೊಟ್ಟ ನಿತ್ಯದ ಕೆಲಸ ಹಗುರ: ಸೆನೆಟ್‌ನಲ್ಲಿ ಮತ ಸಮಸಮವಾದಾಗ ನಿರ್ಣಾಯಕ ಮತ. ಭಾರವಿರುವುದು ಉತ್ತರಾಧಿಕಾರದಲ್ಲಿ. ಒಂಬತ್ತು ಉಪಾಧ್ಯಕ್ಷರು ಅವಧಿಯ ನಡುವೆಯೇ ಅಧ್ಯಕ್ಷರಾಗಿದ್ದಾರೆ. ಮತ ಬೀಳುವುದೂ ಅಧ್ಯಕ್ಷ, ಉಪಾಧ್ಯಕ್ಷ ಅಭ್ಯರ್ಥಿಗಳ ಜೋಡಿಗೇ. ಪೇಲಿನ್ ಜೊತೆಗಿದ್ದ ಅಧ್ಯಕ್ಷ ಅಭ್ಯರ್ಥಿ ಮೆಕೇನ್‌ಗೆ ಆಗ 72 ವರ್ಷ, ಬೈಡನ್ ಜೊತೆಗಿದ್ದ ಒಬಾಮಗೆ 47.

ಪೇಲಿನ್ ವಸಿಲ್ಲಾ ಎಂಬ ಪುಟ್ಟ ಊರಿನ ಮೇಯರ್ ಆಗಿದ್ದವರು, 2006ರ ಡಿಸೆಂಬರ್‌ನಿಂದ ಅಲಾಸ್ಕಾ ಗವರ್ನರ್, ಅಂದರೆ ಆ ರಾಜ್ಯದ ಆಡಳಿತದ ಮುಖ್ಯಸ್ಥೆ. ಚುನಾವಣೆಯ ಹೊತ್ತಿಗೆ ಎರಡು ವರ್ಷವೂ ತುಂಬಿರಲಿಲ್ಲ. ಬೈಡನ್ ಯಾವ ರಾಜ್ಯವನ್ನೂ ಆಳಿದವರಲ್ಲ, ಆದರೆ ಸೆನೆಟ್‌ನಲ್ಲಿ 35 ವರ್ಷ, ವಿದೇಶಾಂಗ ಸಮಿತಿಯ ಅಧ್ಯಕ್ಷತೆ ಬೇರೆ. ಬಜೆಟ್‌ಗೆ ಸಹಿ ಹಾಕಿ ಪಳಗಿದ ಕೈ ಬೇಕೆಂದರೆ ಪೇಲಿನ್. ಯುದ್ಧ, ಒಪ್ಪಂದಗಳ ಒಳಸುಳಿ ಗೊತ್ತಿರುವವರು ಬೇಕೆಂದರೆ ಬೈಡನ್. ಗಂಡುಮಕ್ಕಳನ್ನು ಸೇನೆಗೆ ಕಳಿಸಿದ ಮನೆಗಳಿಗೆ ಎರಡನೆಯದೇ ಹೆಚ್ಚು ತೂಗಬೇಕು.